ಅಶ್ವಿನಿ ಪೊನ್ನಪ್ಪ: ಇಬ್ಬರ ಆಟದಲ್ಲಿ ಒಬ್ಬರ ಹಾದಿ

ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮಹಿಳೆಯರಿಗೆ ಮೊದಲ ಪದಕ ತಂದವರು ಯಾರು ಎಂದು ಕೇಳಿದರೆ ಹೆಚ್ಚಿನವರು ಸೈನಾ ನೆಹ್ವಾಲ್ ಎನ್ನುತ್ತಾರೆ, ಉಳಿದವರು ಪಿ.ವಿ. ಸಿಂಧು ಎನ್ನುತ್ತಾರೆ. ಎರಡೂ ಉತ್ತರ ತಪ್ಪು. ಸಿಂಧು ಈ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಪದಕ ಗೆದ್ದದ್ದು 2013ರಲ್ಲಿ, ಸೈನಾ ಗೆದ್ದದ್ದು 2015ರಲ್ಲಿ. ಅವರಿಬ್ಬರಿಗಿಂತ ಮೊದಲೇ, 2011ರ ಆಗಸ್ಟ್‌ನಲ್ಲಿ, ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಹೈದರಾಬಾದಿನ ಜ್ವಾಲಾ ಗುಟ್ಟಾ ಮತ್ತು ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಡಬಲ್ಸ್‌ನಲ್ಲಿ ಕಂಚಿನ ಪದಕ ಗೆದ್ದಿದ್ದರು. ಪ್ರಕಾಶ್ ಪಡುಕೋಣೆ 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ಕಂಚು ಪಡೆದ 28 ವರ್ಷಗಳ ನಂತರ ಭಾರತಕ್ಕೆ ಈ ಚಾಂಪಿಯನ್‌ಷಿಪ್‌ನಲ್ಲಿ ದೊರೆತ ಎರಡನೆಯ ಪದಕ ಅದು.

ಇಂತಹ ಪದಕವೂ ಜನರ ನೆನಪಿನಿಂದ ಜಾರಿಹೋಗಲು ಕಾರಣ ಒಂದೇ. ಅದು ಡಬಲ್ಸ್ ಪದಕ. ನಮ್ಮಲ್ಲಿ ಬ್ಯಾಡ್ಮಿಂಟನ್ ಎಂದರೆ ಸಿಂಗಲ್ಸ್. ಪ್ರಕಾಶ್, ಗೋಪಿಚಂದ್, ಸೈನಾ, ಸಿಂಧು ಎಂದು ಹೆಸರುಗಳು ಒಂದೊಂದಾಗಿಯೇ ಬಾಯಿಗೆ ಬರುತ್ತವೆ. ಎರಡು ಹೆಸರುಗಳನ್ನು ಒಟ್ಟಿಗೆ ಹೇಳುವ ಅಭ್ಯಾಸ ಶುರುವಾದದ್ದು ಸಾತ್ವಿಕ್‌–ಚಿರಾಗ್ ಜೋಡಿ ಬಂದ ಮೇಲೆ.

ವಿಚಿತ್ರವೆಂದರೆ ಈ ಆಟ ಬೆಳೆದದ್ದೇ ಜೊತೆಯಾಟವಾಗಿ. ಬ್ರಿಟಿಷ್ ಸೇನಾಧಿಕಾರಿಗಳು 1870ರ ದಶಕದಲ್ಲಿ ಪುಣೆಯ ದಂಡು ಪ್ರದೇಶದಲ್ಲಿ ಇದನ್ನು ಆಡುವಾಗ ನೆಟ್‌ನ ಎರಡೂ ಕಡೆ ಒಬ್ಬರಿಗಿಂತ ಹೆಚ್ಚು ಜನ ನಿಲ್ಲುವುದು ಸಾಮಾನ್ಯವಾಗಿತ್ತು. ಆಲ್ ಇಂಗ್ಲೆಂಡ್ ಚಾಂಪಿಯನ್‌ಷಿಪ್ 1899ರಲ್ಲಿ ಆರಂಭವಾದಾಗ ಅದರಲ್ಲಿ ಇದ್ದದ್ದು ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಮಾತ್ರ. ಸಿಂಗಲ್ಸ್ ಸೇರಿದ್ದು ಮರುವರ್ಷ. ಇಂದಿಗೂ ಒಲಿಂಪಿಕ್ಸ್‌ನ ಐದು ಬ್ಯಾಡ್ಮಿಂಟನ್ ವಿಭಾಗಗಳಲ್ಲಿ ಮೂರು ಡಬಲ್ಸ್‌ಗೆ ಸೇರಿದವು. ಕೊರಿಯಾ, ಇಂಡೊನೇಷ್ಯಾ, ಚೀನಾ, ಜಪಾನ್ ದೇಶಗಳು ಈ ಲೆಕ್ಕವನ್ನು ಬಹಳ ಹಿಂದೆಯೇ ಮಾಡಿದ್ದವು. ನಾವು ಮಾಡಲಿಲ್ಲ. ಹಾಗೆಂದು ಭಾರತದಲ್ಲಿ ಡಬಲ್ಸ್ ಆಡುವವರು ಇರಲಿಲ್ಲ ಎಂದಲ್ಲ. 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಮಿ ಘಿಯಾ ಮತ್ತು ಕನ್ವಲ್ ಠಾಕರ್ ಸಿಂಗ್ ಕಂಚು ಗೆದ್ದಿದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದೀಪ್ ಗಂಧೆ ಮತ್ತು ಲೆರಾಯ್ ಡಿಸಾ ಕಂಚು ಗೆದ್ದರು. ಆದರೆ ಇವು ಬಿಡಿಬಿಡಿ ಸಾಧನೆಗಳಾಗಿಯೇ ಉಳಿದವು. ಇವುಗಳ ಹಿಂದೆ ಡಬಲ್ಸ್‌ಗೆಂದೇ ತಯಾರಿ ನೀಡುವ ವ್ಯವಸ್ಥೆ ಇರಲಿಲ್ಲ.

ಡಬಲ್ಸ್ ಎಂದರೆ ಸಿಂಗಲ್ಸ್ ಆಡಲು ಸಾಲದವರು ಆಡುವ ಆಟ ಎಂಬ ಭಾವನೆ ಈಗಲೂ ಪೂರ್ತಿ ಹೋಗಿಲ್ಲ. ಅಂಕಣದ ಅಳತೆ ನೋಡಿದರೆ ಸಾಕು, ಇದು ಬೇರೆಯೇ ಆಟ ಎಂಬುದು ತಿಳಿಯುತ್ತದೆ. ಸಿಂಗಲ್ಸ್ ಅಂಕಣದ ಅಗಲ 17 ಅಡಿ, ಡಬಲ್ಸ್‌ನದು 20 ಅಡಿ. ಉದ್ದ ಎರಡಕ್ಕೂ 44 ಅಡಿಯೇ. ಆದರೆ ಡಬಲ್ಸ್‌ನಲ್ಲಿ ಸರ್ವೀಸ್ ಬೀಳಬೇಕಾದ ಚೌಕದ ಹಿಂದಿನ ಗೆರೆ ಎರಡೂವರೆ ಅಡಿ ಒಳಕ್ಕೆ ಸರಿಯುತ್ತದೆ. ಆದ್ದರಿಂದ ಎತ್ತರಕ್ಕೆ, ಹಿಂದಕ್ಕೆ ಸರ್ವ್ ಮಾಡಿದರೆ ಎದುರಾಳಿ ಎರಡೇ ಹೆಜ್ಜೆ ಹಿಂದೆ ಸರಿದು ಸ್ಮ್ಯಾಷ್ ಮಾಡಿಬಿಡುತ್ತಾರೆ. ಷಟಲ್ ನೆಟ್‌ನ ಅಂಚನ್ನು ಸವರಿಕೊಂಡು ಹೋಗುವಂತೆ ಕೆಳಗೇ ಸರ್ವ್ ಮಾಡಬೇಕು. ಎದುರಿಗೆ ನಿಂತವರು ಅದನ್ನು ನೆಟ್ ಬಳಿಯೇ ಅಡಗಿಸಲು ಹೊಂಚುಹಾಕುತ್ತಿರುತ್ತಾರೆ. ಮೊದಲ ಮೂರು ನಾಲ್ಕು ಹೊಡೆತಗಳಲ್ಲೇ ಅಂಕ ಯಾರ ಕಡೆ ವಾಲುತ್ತದೆ ಎಂಬುದು ಎಷ್ಟೋ ವೇಳೆ ತೀರ್ಮಾನವಾಗಿರುತ್ತದೆ.

ಆಮೇಲಿನದು ಇಬ್ಬರ ನಡುವಿನ ಹೊಂದಾಣಿಕೆ. ದಾಳಿ ಮಾಡುವಾಗ ಒಬ್ಬರು ಹಿಂದೆ, ಒಬ್ಬರು ನೆಟ್ ಬಳಿ. ದಾಳಿ ಎದುರಿಸುವಾಗ ಇಬ್ಬರೂ ಅಕ್ಕಪಕ್ಕ. ಈ ಎರಡು ನಿಲುವುಗಳ ನಡುವೆ ಒಂದೇ ರ್‍ಯಾಲಿಯಲ್ಲಿ ಹಲವು ಬಾರಿ ಬದಲಾಗಬೇಕು. ಮುಂದೆ ನಿಂತವರಿಗೆ ಹಿಂದಿನವರು ಕಾಣಿಸುವುದಿಲ್ಲ. ಜೊತೆಗಾತಿ ಎಲ್ಲಿದ್ದಾಳೆ, ಏನು ಹೊಡೆಯಲಿದ್ದಾಳೆ ಎಂಬುದನ್ನು ತಿರುಗಿ ನೋಡದೆ ತಿಳಿಯಬೇಕು. ಈ ತಿಳಿವಳಿಕೆ ಬರಲು ತಿಂಗಳುಗಳಲ್ಲ, ವರ್ಷಗಳೇ ಬೇಕು. ಜೋಡಿ ಒಡೆದರೆ ಅದೂ ಹೋಯಿತು. ವಿಶ್ವ ರ್‍ಯಾಂಕಿಂಗ್ ಕೂಡ ಜೋಡಿಯದ್ದೇ ಹೊರತು ಆಟಗಾರ್ತಿಯದ್ದಲ್ಲ. ಹೊಸಬರ ಜೊತೆ ಆಡತೊಡಗಿದರೆ, ಹಿಂದೆ ಎಷ್ಟೇ ಪದಕ ಗೆದ್ದಿರಲಿ, ಸಣ್ಣ ಟೂರ್ನಿಗಳಿಂದ ಮತ್ತೆ ಮೇಲೇರಬೇಕು. ಅಶ್ವಿನಿ ಪೊನ್ನಪ್ಪ ಅವರ ವೃತ್ತಿಜೀವನವನ್ನು ಅರ್ಥಮಾಡಿಕೊಳ್ಳಲು ಈ ಒಂದು ನಿಯಮ ಗೊತ್ತಿರಬೇಕು. ಅವರು ಹೀಗೆ ಮತ್ತೆ ಮತ್ತೆ ಮೊದಲಿನಿಂದ ಶುರುಮಾಡಿದವರು.

ಅಶ್ವಿನಿ ಹುಟ್ಟಿದ್ದು 1989ರ ಸೆಪ್ಟೆಂಬರ್ 18ರಂದು, ಬೆಂಗಳೂರಿನಲ್ಲಿ. ಮನೆತನ ಕೊಡಗಿನದು, ತಂದೆ ಹಾಕಿ ಆಡಿದವರು. ಕೊಡವರ ಮನೆಯಲ್ಲಿ ಹಾಕಿ ಸ್ಟಿಕ್ ಇರುವುದು ಅಚ್ಚರಿಯ ಸಂಗತಿಯಲ್ಲ, ಒಂದೊಂದು ಒಕ್ಕವೂ ತಂಡ ಕಟ್ಟಿಕೊಂಡು ಆಡುವ ಹಾಕಿ ಉತ್ಸವವೇ ಅಲ್ಲಿದೆ. ಮಗಳ ಕೈಗೆ ಬಂದದ್ದು ಮಾತ್ರ ರ್‍ಯಾಕೆಟ್. ಅವರ ಹೆಸರಿನ ಜೊತೆ ಮೊದಲಿನಿಂದಲೂ ಅಂಟಿಕೊಂಡದ್ದು ಅಂಕಣದ ಹಿಂಭಾಗದಿಂದ ಬರುವ ಬಿರುಸಾದ ಸ್ಮ್ಯಾಷ್. ಮಹಿಳೆಯರ ಡಬಲ್ಸ್‌ನಲ್ಲಿ ರ್‍ಯಾಲಿಗಳು ಉದ್ದವಾಗಿರುತ್ತವೆ, ಒಂದೇ ಸ್ಮ್ಯಾಷ್‌ಗೆ ಅಂಕ ಸಿಗುವುದು ಕಷ್ಟ. ಅಂತಹ ಕಡೆ ಗಟ್ಟಿ ಹೊಡೆತವಿರುವ ಆಟಗಾರ್ತಿಗೆ ಬೆಲೆ ಹೆಚ್ಚು. ಆದರೆ ಆ ಹೊಡೆತಕ್ಕೆ ಬಂದ ದುರ್ಬಲ ಉತ್ತರವನ್ನು ಮುಂದೆ ನಿಂತು ಮುಗಿಸುವವರು ಬೇಕು.

ಅಂತಹವರು ಜ್ವಾಲಾ. ಅಶ್ವಿನಿಗಿಂತ ಆರು ವರ್ಷ ದೊಡ್ಡವರು, ಅದಕ್ಕೆ ಮೊದಲು ಶ್ರುತಿ ಕುರಿಯನ್ ಜೊತೆ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದವರು, ಎಡಗೈ ಆಟಗಾರ್ತಿ. ಎಡಗೈ–ಬಲಗೈ ಜೋಡಿಗೆ ಒಂದು ಅನುಕೂಲವಿದೆ. ಇಬ್ಬರೂ ಬಲಗೈಯವರಾದರೆ ಅಕ್ಕಪಕ್ಕ ನಿಂತಾಗ ಯಾರ ದುರ್ಬಲ ಪಕ್ಕ ಎಲ್ಲಿದೆ ಎಂಬುದು ಎದುರಾಳಿಗೆ ಗೊತ್ತೇ ಇರುತ್ತದೆ. ಒಬ್ಬರು ಎಡಗೈಯವರಾದರೆ, ಅವರು ಸ್ಥಾನ ಬದಲಿಸಿದಂತೆಲ್ಲ ಆ ಲೆಕ್ಕವೂ ಬದಲಾಗುತ್ತದೆ. ಒಮ್ಮೆ ಇಬ್ಬರ ಬ್ಯಾಕ್‌ಹ್ಯಾಂಡ್‌ಗಳೂ ಮಧ್ಯಕ್ಕೆ ಬಂದರೆ, ಇನ್ನೊಮ್ಮೆ ಅಂಚಿಗೆ ಹೋಗುತ್ತವೆ.

ಈ ಜೋಡಿ ಜನರ ಕಣ್ಣಿಗೆ ಬಿದ್ದದ್ದು 2010ರ ಅಕ್ಟೋಬರ್ 14ರಂದು, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಸಿರಿ ಫೋರ್ಟ್ ಕ್ರೀಡಾಂಗಣದಲ್ಲಿ ಸಿಂಗಪುರದ ಶಿಂತಾ ಮುಲಿಯಾ ಸಾರಿ ಮತ್ತು ಯಾವೊ ಲೇ ಅವರನ್ನು ನೇರ ಗೇಮ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದರು. ಅದೇ ದಿನ, ಅದೇ ಅಂಕಣದಲ್ಲಿ ಸೈನಾ ಸಿಂಗಲ್ಸ್ ಚಿನ್ನ ಗೆದ್ದರು. ಈ ಎರಡು ಚಿನ್ನಗಳಿಂದ ಭಾರತದ ಚಿನ್ನಗಳ ಸಂಖ್ಯೆ 38 ಆಯಿತು, 37ಕ್ಕೆ ನಿಂತ ಇಂಗ್ಲೆಂಡ್ ಮೂರನೆಯ ಸ್ಥಾನಕ್ಕೆ ಇಳಿಯಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಇಂಗ್ಲೆಂಡನ್ನು ಚಿನ್ನದ ಎಣಿಕೆಯಲ್ಲಿ ಹಿಂದಿಕ್ಕಲು ಆಗುತ್ತಿರಲಿಲ್ಲ. ಜನರ ನೆನಪಿನಲ್ಲಿ ಉಳಿದದ್ದು ಸೈನಾ ಗೆದ್ದ ಚಿನ್ನ.

ಮರುವರ್ಷ ವೆಂಬ್ಲಿಯ ಕಂಚು. ಸೆಮಿಫೈನಲ್‌ನಲ್ಲಿ ಚೀನಾದ ಟಿಯಾನ್ ಚಿಂಗ್ ಮತ್ತು ಝಾವೊ ಯುನ್ಲೈ ಎದುರು ಸೋಲು. ಈ ಇಬ್ಬರೇ ಮರುವರ್ಷ ಒಲಿಂಪಿಕ್ ಚಿನ್ನ ಗೆದ್ದರು ಎಂದರೆ ಎದುರಾಳಿಗಳ ಮಟ್ಟ ತಿಳಿಯುತ್ತದೆ.

ಒಲಿಂಪಿಕ್ಸ್ ನಡೆದದ್ದೂ ಅದೇ ವೆಂಬ್ಲಿ ಅರೀನಾದಲ್ಲಿ. 2012ರಲ್ಲಿ ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಹಿಳೆಯರ ಡಬಲ್ಸ್‌ನಲ್ಲಿ ಮೊದಲ ಬಾರಿಗೆ ಗುಂಪು ಹಂತದ ಪದ್ಧತಿ ತಂದಿದ್ದರು. ನಾಲ್ಕು ನಾಲ್ಕು ಜೋಡಿಗಳ ಗುಂಪು, ಪ್ರತಿ ಗುಂಪಿನಿಂದ ಇಬ್ಬಿಬ್ಬರು ಜೋಡಿಗಳಿಗೆ ಕ್ವಾರ್ಟರ್‌ಫೈನಲ್. ಅಶ್ವಿನಿ–ಜ್ವಾಲಾ ಜಪಾನಿನ ಮಿಜುಕಿ ಫುಜಿ ಮತ್ತು ರೇಕಾ ಕಾಕಿಇವಾ ಎದುರು ಸೋತರು. ನಂತರ ಚೀನಾ ತೈಪೆಯ ಚೆಂಗ್ ವೆನ್ ಸಿಂಗ್ ಮತ್ತು ಚಿಯೆನ್ ಯು ಚಿನ್ ಅವರನ್ನು ಮೂರು ಗೇಮ್‌ಗಳಲ್ಲಿ ಮಣಿಸಿದರು. ದೆಹಲಿಯಲ್ಲಿ ಸೋಲಿಸಿದ್ದ ಸಿಂಗಪುರದ ಜೋಡಿಯನ್ನು ಮತ್ತೆ ಸೋಲಿಸಿದರು. ಮೂರರಲ್ಲಿ ಎರಡು ಗೆಲುವು. ಆದರೆ ತೈಪೆ ಜೋಡಿ ಜಪಾನನ್ನು ಸೋಲಿಸಿದ್ದರಿಂದ ಜಪಾನ್, ತೈಪೆ, ಭಾರತ ಮೂವರಿಗೂ ಎರಡೆರಡು ಗೆಲುವು ಆಯಿತು. ಆಗ ಗೆದ್ದ ಮತ್ತು ಸೋತ ಗೇಮ್‌ಗಳನ್ನು ಎಣಿಸಬೇಕು. ತೈಪೆ ಮುಂದೆ ಹೋಯಿತು. ಜಪಾನ್ ಮತ್ತು ಭಾರತ ಅಲ್ಲೂ ಸಮ. ಕೊನೆಗೆ ಮೂರೂ ಪಂದ್ಯಗಳಲ್ಲಿ ಪಡೆದ ಮತ್ತು ಬಿಟ್ಟುಕೊಟ್ಟ ಪಾಯಿಂಟ್‌ಗಳ ವ್ಯತ್ಯಾಸ ನೋಡಿದರು. ಭಾರತ ಒಂದೇ ಒಂದು ಪಾಯಿಂಟ್‌ನಿಂದ ಹಿಂದೆ ಬಿದ್ದಿತ್ತು.

ತೈಪೆ ಎದುರು ಜಪಾನಿನ ಆಟ ಅನುಮಾನಕ್ಕೆ ಎಡೆಮಾಡುವಂತಿದೆ ಎಂದು ಭಾರತ ದೂರು ಕೊಟ್ಟಿತು. ಅದು ತಿರಸ್ಕೃತವಾಯಿತು. ಆದರೆ ಅನುಮಾನದ ವಾತಾವರಣ ಸುಳ್ಳಾಗಿರಲಿಲ್ಲ. ಜುಲೈ 31ರ ಸಂಜೆ ಬೇರೆ ಗುಂಪುಗಳ ಎರಡು ಪಂದ್ಯಗಳಲ್ಲಿ ಚೀನಾದ ಒಂದು, ಕೊರಿಯಾದ ಎರಡು ಮತ್ತು ಇಂಡೊನೇಷ್ಯಾದ ಒಂದು ಜೋಡಿ ಮುಂದಿನ ಸುತ್ತಿನಲ್ಲಿ ಸುಲಭ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಪ್ರಯತ್ನಿಸಿದವು. ಸರ್ವೀಸ್ ನೆಟ್‌ಗೆ ಬೀಳುತ್ತಿತ್ತು, ಸುಲಭದ ಷಟಲ್ ಅಂಕಣದ ಹೊರಗೆ ಹೋಗುತ್ತಿತ್ತು. ಪ್ರೇಕ್ಷಕರು ಕೂಗೆಬ್ಬಿಸಿದರು. ಮರುದಿನ ನಾಲ್ಕೂ ಜೋಡಿಗಳನ್ನು ಅನರ್ಹಗೊಳಿಸಲಾಯಿತು.

ಅದರ ಫಲ ಹೀಗಾಯಿತು: ತಮ್ಮ ಗುಂಪಿನಲ್ಲಿ ಮೂರಕ್ಕೆ ಮೂರೂ ಪಂದ್ಯ ಸೋತಿದ್ದ ಕೆನಡಾದ ಅಲೆಕ್ಸ್ ಬ್ರೂಸ್ ಮತ್ತು ಮಿಶೆಲ್ ಲಿ ತೆರವಾದ ಜಾಗದಲ್ಲಿ ಕ್ವಾರ್ಟರ್‌ಫೈನಲ್ ತಲುಪಿ, ಅಲ್ಲಿ ಗೆದ್ದು, ಕೊನೆಗೆ ನಾಲ್ಕನೆಯ ಸ್ಥಾನ ಪಡೆದರು. ಭಾರತಕ್ಕಿಂತ ಒಂದು ಪಾಯಿಂಟ್ ಮುಂದಿದ್ದ ಜಪಾನಿನ ಫುಜಿ ಮತ್ತು ಕಾಕಿಇವಾ ಬೆಳ್ಳಿ ಗೆದ್ದರು. ಎರಡು ಪಂದ್ಯ ಗೆದ್ದ ಅಶ್ವಿನಿ ಮತ್ತು ಜ್ವಾಲಾ ಮನೆಗೆ ಬಂದರು. ತೆರವಾದ ಜಾಗ ಆಯಾ ಗುಂಪಿನವರಿಗೇ ಸಿಗಬೇಕೆಂಬುದು ನಿಯಮ, ಇವರ ಗುಂಪಿನಲ್ಲಿ ಯಾರೂ ಅನರ್ಹರಾಗಿರಲಿಲ್ಲ. ನಿಯಮದ ಪ್ರಕಾರ ಎಲ್ಲವೂ ಸರಿ. ಆದರೂ ಭಾರತದ ಬ್ಯಾಡ್ಮಿಂಟನ್ ಚರಿತ್ರೆಯಲ್ಲಿ ಇಷ್ಟು ದುಬಾರಿಯಾದ ಒಂದು ಪಾಯಿಂಟ್ ಇನ್ನೊಂದಿರಲಾರದು. ಆ ವರ್ಷ ಅಶ್ವಿನಿಗೆ ಅರ್ಜುನ ಪ್ರಶಸ್ತಿ ಬಂತು.

ಲಂಡನ್ ನಂತರ ಜ್ವಾಲಾ ಕೆಲಕಾಲ ಆಟದಿಂದ ದೂರ ಉಳಿದರು. ಅಶ್ವಿನಿ ಪ್ರದ್ನ್ಯಾ ಗದ್ರೆ ಜೊತೆ ಆಡತೊಡಗಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. 2013ರ ಕೊನೆಯ ವೇಳೆಗೆ ಹಳೆಯ ಜೋಡಿ ಮತ್ತೆ ಕೂಡಿತು. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು.

ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯಲ್ಲಿ ನಡೆದ ಉಬರ್ ಕಪ್ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಮಹಿಳಾ ತಂಡಗಳ ಈ ಸ್ಪರ್ಧೆಯಲ್ಲಿ ಮೂರು ಸಿಂಗಲ್ಸ್, ಎರಡು ಡಬಲ್ಸ್ ಇರುತ್ತವೆ. ಭಾರತ ಮೊದಲ ಬಾರಿಗೆ ಸೆಮಿಫೈನಲ್ ತಲುಪಿ ಕಂಚು ಗೆದ್ದಿತು. ಸೆಮಿಫೈನಲ್‌ನಲ್ಲಿ ಜಪಾನ್ ಎದುರು ಸೈನಾ ಮತ್ತು ಸಿಂಧು ತಮ್ಮ ಸಿಂಗಲ್ಸ್ ಗೆದ್ದು 2–0 ಮುನ್ನಡೆ ಕೊಟ್ಟರು. ಅಶ್ವಿನಿ–ಜ್ವಾಲಾ ಸೋತರು. ಮೂರನೆಯ ಸಿಂಗಲ್ಸ್ ಕೂಡ ಹೋಯಿತು. 2–2 ಆದಾಗ ನಿರ್ಣಾಯಕ ಡಬಲ್ಸ್‌ಗೆ ಭಾರತ ಇಳಿಸಿದ್ದು ಯಾರನ್ನು? ಸಿಂಗಲ್ಸ್ ಆಡಿ ದಣಿದಿದ್ದ ಸೈನಾ ಮತ್ತು ಸಿಂಧು ಅವರನ್ನೇ. ಅವರು ಸೋತದ್ದು ಅವರ ತಪ್ಪಲ್ಲ. ಕೋಟಿಗಟ್ಟಲೆ ಜನಸಂಖ್ಯೆಯ ದೇಶದಲ್ಲಿ ಅಂದು ಆ ಮಟ್ಟಕ್ಕೆ ನಂಬಿ ಕಣಕ್ಕಿಳಿಸಬಹುದಾದ ಎರಡನೆಯ ಮಹಿಳಾ ಡಬಲ್ಸ್ ಜೋಡಿ ಇರಲಿಲ್ಲ ಎಂಬುದೇ ಅದರ ಅರ್ಥ.

ಡಬಲ್ಸ್‌ಗೆ ಪ್ರತ್ಯೇಕ ಕೋಚ್ ಬೇಕು, ಪ್ರತ್ಯೇಕ ಅಭ್ಯಾಸ ಬೇಕು, ನೆರವು ಸಿಗಬೇಕು ಎಂದು ಜ್ವಾಲಾ ಆ ವರ್ಷಗಳಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅಶ್ವಿನಿ ಅಷ್ಟು ಮಾತಿನವರಲ್ಲ. ಆದರೆ 2015ರಲ್ಲಿ ಒಲಿಂಪಿಕ್ಸ್ ತಯಾರಿಗೆ ಸರ್ಕಾರ ರೂಪಿಸಿದ ‘ಟಾಪ್’ ಯೋಜನೆಯ ಪಟ್ಟಿಯಲ್ಲಿ ಈ ಜೋಡಿ ಇಲ್ಲದಿದ್ದಾಗ ಇಬ್ಬರೂ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಆ ಜೂನ್‌ನಲ್ಲಿ ಕ್ಯಾಲ್ಗರಿಯಲ್ಲಿ ನೆದರ್ಲೆಂಡ್ಸ್‌ನ ಈಫ್ಯೆ ಮಸ್ಕೆನ್ಸ್ ಮತ್ತು ಸೆಲೆನಾ ಪೀಕ್ ಅವರನ್ನು ಸೋಲಿಸಿ ಕೆನಡಾ ಓಪನ್ ಗೆದ್ದರು. ನಂತರ ಪಟ್ಟಿಗೆ ಸೇರಿಸಲಾಯಿತು. ಮಲೇಷ್ಯಾದ ಟಾನ್ ಕಿಮ್ ಹರ್ ಡಬಲ್ಸ್ ಕೋಚ್ ಆಗಿ ಭಾರತಕ್ಕೆ ಬಂದದ್ದೂ 2015ರಲ್ಲಿಯೇ. ಈಗ ಫಲ ಕೊಡುತ್ತಿರುವ ವ್ಯವಸ್ಥೆಗೆ ಅಡಿಪಾಯ ಬಿದ್ದದ್ದು ಆಗ. ಅಶ್ವಿನಿ–ಜ್ವಾಲಾ ಪಾಲಿಗೆ ಅದು ತಡವಾಗಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೂರೂ ಪಂದ್ಯ ಸೋತು ಜೋಡಿ ಬೇರೆಯಾಯಿತು.

ಆಗ ಅಶ್ವಿನಿಗೆ 27 ವರ್ಷ. ಎನ್. ಸಿಕ್ಕಿ ರೆಡ್ಡಿ ಜೊತೆ ಮತ್ತೆ ಆರಂಭ. ಸಿಕ್ಕಿ ಬಲಗೈಯವರು, ಜ್ವಾಲಾ ಜೊತೆ ಕಟ್ಟಿದ್ದ ಲೆಕ್ಕಾಚಾರಗಳನ್ನೆಲ್ಲ ಬಿಟ್ಟು ಹೊಸದಾಗಿ ಕಲಿಯಬೇಕಿತ್ತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ಜೋಡಿ ಆಸ್ಟ್ರೇಲಿಯಾದ ಸೆತ್ಯಾನಾ ಮಪಾಸಾ ಮತ್ತು ಗ್ರೋನ್ಯಾ ಸೊಮರ್‌ವಿಲ್ ಅವರನ್ನು ಸೋಲಿಸಿ ಕಂಚು ಗೆದ್ದಿತು. ಆದರೆ ಆ ಕೂಟದಲ್ಲಿ ಅಶ್ವಿನಿಯ ದೊಡ್ಡ ದಿನ ಬೇರೆಯದು. ಮಿಶ್ರ ತಂಡ ವಿಭಾಗದ ಫೈನಲ್‌ನಲ್ಲಿ ಬಲಾಢ್ಯ ಮಲೇಷ್ಯಾ ಎದುರು ಮೊದಲ ಪಂದ್ಯಕ್ಕೆ ಇಳಿದದ್ದು ಅಶ್ವಿನಿ ಮತ್ತು ಹದಿನೇಳರ ಹುಡುಗ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ. ಎದುರಿಗೆ ರಿಯೊ ಒಲಿಂಪಿಕ್ಸ್ ಬೆಳ್ಳಿ ವಿಜೇತರಾದ ಚಾನ್ ಪೆಂಗ್ ಸೂನ್ ಮತ್ತು ಗೋ ಲಿಯು ಯಿಂಗ್. ಮೂರು ಗೇಮ್‌ಗಳ ಹೋರಾಟದಲ್ಲಿ ಭಾರತದ ಜೋಡಿ ಗೆದ್ದಿತು. ನಂತರ ಶ್ರೀಕಾಂತ್, ಲೀ ಚೊಂಗ್ ವೈ ಅವರನ್ನು ಸೋಲಿಸಿದರು. ಸೈನಾ ಕೊನೆಯ ಅಂಕ ತಂದರು. 3–1ರಿಂದ ಭಾರತಕ್ಕೆ ಈ ವಿಭಾಗದಲ್ಲಿ ಮೊದಲ ಚಿನ್ನ. ಎಂಟು ವರ್ಷ ಹಿಂದೆ ದೆಹಲಿಯಲ್ಲಿ ಇದೇ ಮಲೇಷ್ಯಾ ಎದುರು ಫೈನಲ್ ಸೋತು ಬೆಳ್ಳಿಗೆ ತೃಪ್ತಿಪಟ್ಟ ಭಾರತ ತಂಡದಲ್ಲಿಯೂ ಅಶ್ವಿನಿ ಇದ್ದರು.

ಸಾತ್ವಿಕ್ ಮುಂದೆ ಚಿರಾಗ್ ಶೆಟ್ಟಿ ಜೊತೆ ಪುರುಷರ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದ್ದು ಎಲ್ಲರಿಗೂ ಗೊತ್ತು. 2021ರ ಜನವರಿಯಲ್ಲಿ ಥಾಯ್ಲೆಂಡ್ ಓಪನ್‌ನಲ್ಲಿ ಅಶ್ವಿನಿ ಜೊತೆ ಮಿಶ್ರ ಡಬಲ್ಸ್ ಸೆಮಿಫೈನಲ್ ತಲುಪಿದ್ದು ಕೆಲವರಿಗಷ್ಟೇ ನೆನಪಿದೆ. ಟೋಕಿಯೊ ಒಲಿಂಪಿಕ್ಸ್‌ಗೆ ಅಶ್ವಿನಿ ಅರ್ಹತೆ ಪಡೆಯಲಿಲ್ಲ. ಅಲ್ಲಿ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದದ್ದು ಇಂಡೊನೇಷ್ಯಾದ ಗ್ರೇಸಿಯಾ ಪೊಲಿ. ಲಂಡನ್ನಿನಲ್ಲಿ ಅನರ್ಹಗೊಂಡ ಎಂಟು ಆಟಗಾರ್ತಿಯರಲ್ಲಿ ಒಬ್ಬರು. ಹತ್ತು ವರ್ಷಕ್ಕೂ ಹೆಚ್ಚು ಕಿರಿಯಳಾದ ಅಪ್ರಿಯಾನಿ ರಹಾಯು ಜೊತೆ, ತಮ್ಮ 33ನೆಯ ವಯಸ್ಸಿನಲ್ಲಿ ಗೆದ್ದರು. ಡಬಲ್ಸ್‌ನಲ್ಲಿ ಓಡಾಟ ಹಂಚಿಹೋಗುವುದರಿಂದ ಅನುಭವಕ್ಕೆ ಹೆಚ್ಚು ಕಾಲ ಬೆಲೆ ಇರುತ್ತದೆ. ಆದರೆ ಅದಕ್ಕೆ ತಕ್ಕ ಕಿರಿಯ ಜೊತೆಗಾತಿ ಸಿಗಬೇಕು.

ಅಶ್ವಿನಿಗೂ ಸಿಕ್ಕಿದರು. 2023ರ ಆರಂಭದಲ್ಲಿ, ದುಬೈನಲ್ಲಿ ಹುಟ್ಟಿದ ಗೋವಾ ಮೂಲದ ತನಿಶಾ ಕ್ರಾಸ್ಟೊ ಜೊತೆ ಅವರು ಆಡತೊಡಗಿದರು. ಅಶ್ವಿನಿಗೆ 33, ತನಿಶಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಗ ದೇಶದ ಮೊದಲ ಜೋಡಿ ಟ್ರೀಸಾ ಜೋಲಿ ಮತ್ತು ಗಾಯತ್ರಿ ಗೋಪಿಚಂದ್. 2022 ಮತ್ತು 2023ರಲ್ಲಿ ಸತತ ಎರಡು ಬಾರಿ ಆಲ್ ಇಂಗ್ಲೆಂಡ್ ಸೆಮಿಫೈನಲ್ ತಲುಪಿದವರು. ಪ್ಯಾರಿಸ್‌ಗೆ ಅವರೇ ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಅಶ್ವಿನಿ–ತನಿಶಾ ಸಣ್ಣ ಟೂರ್ನಿಗಳಿಂದ ಹತ್ತತೊಡಗಿದರು. ಫ್ರಾನ್ಸ್‌ನ ನಾಂಟ್ ಮತ್ತು ಅಬುಧಾಬಿಯಲ್ಲಿ ಪ್ರಶಸ್ತಿ, ಲಖನೌದ ಸೈಯದ್ ಮೋದಿ ಟೂರ್ನಿಯಲ್ಲಿ ಎರಡನೆಯ ಸ್ಥಾನ, ಮರುವಾರವೇ ಗುವಾಹಟಿ ಮಾಸ್ಟರ್ಸ್ ಪ್ರಶಸ್ತಿ. ಒಂದೂಕಾಲು ವರ್ಷದಲ್ಲಿ ಟ್ರೀಸಾ–ಗಾಯತ್ರಿ ಅವರನ್ನು ಹಿಂದಿಕ್ಕಿ ಭಾರತದ ಒಲಿಂಪಿಕ್ ಸ್ಥಾನ ಪಡೆದರು. ನಡುವೆ 2024ರ ಫೆಬ್ರುವರಿಯಲ್ಲಿ ಮಲೇಷ್ಯಾದ ಷಾ ಆಲಂನಲ್ಲಿ ಭಾರತದ ಮಹಿಳೆಯರು ಮೊದಲ ಬಾರಿಗೆ ಏಷ್ಯಾ ತಂಡ ಚಾಂಪಿಯನ್‌ಷಿಪ್ ಗೆದ್ದರು. ಆ ತಂಡದಲ್ಲಿ ಡಬಲ್ಸ್ ಜೋಡಿಗಳೇ ಮೂರಿದ್ದವು. ಹತ್ತು ವರ್ಷ ಹಿಂದೆ ದೆಹಲಿಯಲ್ಲಿ ಎರಡನೆಯದೇ ಇರಲಿಲ್ಲ.

ಪ್ಯಾರಿಸ್‌ನಲ್ಲಿ ಆಟ ಕೈಹಿಡಿಯಲಿಲ್ಲ. ಕೊರಿಯಾ, ಜಪಾನ್, ಆಸ್ಟ್ರೇಲಿಯಾ ಜೋಡಿಗಳೆದುರು ಮೂರೂ ಪಂದ್ಯ ಸೋತರು. ಆಸ್ಟ್ರೇಲಿಯಾ ಪರ ಆಡಿದವರಲ್ಲಿ ಒಬ್ಬರು ಗೋಲ್ಡ್ ಕೋಸ್ಟ್‌ನಲ್ಲಿ ಸೋತಿದ್ದ ಮಪಾಸಾ. ಇದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಅಲ್ಲಿಯೇ ಕಣ್ಣೀರಿನೊಂದಿಗೆ ಹೇಳಿದರು. ಊರಿಗೆ ಬಂದ ಮೇಲೆ ಇನ್ನೊಂದು ಲೆಕ್ಕ ಹೊರಬಿತ್ತು. ಕ್ರೀಡಾಪಟುಗಳ ತಯಾರಿಗೆ ಆದ ವೆಚ್ಚದ ಸರ್ಕಾರಿ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸುಮಾರು ಒಂದೂವರೆ ಕೋಟಿ ರೂಪಾಯಿ ಎಂದಿತ್ತು. ಅಂತಹ ಹಣ ತಮ್ಮ ಕೈಗೆ ಬಂದಿಲ್ಲ, ತಮಗೆ ಬೇಕಾದ ಕೋಚನ್ನು ಕೇಳಿದರೂ ಒಪ್ಪಿರಲಿಲ್ಲ, 2023ರ ನವೆಂಬರ್‌ವರೆಗೆ ಸ್ವಂತ ಖರ್ಚಿನಲ್ಲಿಯೇ ಆಡಿದ್ದೆ ಎಂದು ಅಶ್ವಿನಿ ತಿಳಿಸಿದರು. ರಾಷ್ಟ್ರೀಯ ಶಿಬಿರ, ತಂಡದ ವಿದೇಶ ಪ್ರವಾಸಗಳ ವೆಚ್ಚವನ್ನು ಒಬ್ಬೊಬ್ಬರ ಹೆಸರಿಗೆ ಹಂಚಿ ಬರೆಯುವಾಗ ಇಂತಹ ಗೊಂದಲ ಹುಟ್ಟುತ್ತದೆ. ಕೊಟ್ಟೆ ಎನ್ನುವವರಿಗೂ ಪಡೆದಿಲ್ಲ ಎನ್ನುವವರಿಗೂ ನಡುವೆ ಇರುವ ಅಂತರವನ್ನು ಪಟ್ಟಿ ತೋರಿಸುವುದಿಲ್ಲ.

ಒಲಿಂಪಿಕ್ಸ್ ಮುಗಿಯಿತೆಂದು ಅಶ್ವಿನಿ ರ್‍ಯಾಕೆಟ್ ಕೆಳಗಿಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಗುವಾಹಟಿ ಮಾಸ್ಟರ್ಸ್‌ಗೆ ಮತ್ತೆ ಹೋದರು. ಫೈನಲ್‌ನಲ್ಲಿ ಎದುರಾದದ್ದು ಚೀನಾದ ಜೋಡಿ. ತನಿಶಾ ಮುಂದೆ, ಅಶ್ವಿನಿ ಹಿಂದೆ. ನೇರ ಗೇಮ್‌ಗಳಲ್ಲಿ ಗೆದ್ದು ಪ್ರಶಸ್ತಿ ಉಳಿಸಿಕೊಂಡಾಗ ಅವರಿಗೆ 35 ವರ್ಷ ವಯಸ್ಸು.